ಊಟದ ಮೇಜಿಗೊಂದು ದೀಪ

ಆಲ್ದೂರಿನಿಂದ ಸ್ವಲ್ಪ ಒಳಗೆ, ಹಳ್ಳ ದಾಟಿದರೆ ಸಿಗುವ ಊರಿನಲ್ಲಿ ಎಂಟೆಕರೆ ಕಾಫಿ ತೋಟ ಇಟ್ಟುಕೊಂಡಿದ್ದ ಏಕಾಂತಪ್ಪನವರು ತೊಂಬತ್ತೇಳನೇ ಇಸವಿಯಲ್ಲಿ ತಾರಸಿ ಮನೆ ಕಟ್ಟಿಸಿದರು. ಕಾಫಿಗೆ ಒಳ್ಳೆಯ ರೇಟು ಬಂದು, ಆ ಸುತ್ತಿನಲ್ಲಿ ಮನೆ ಎಬ್ಬಿಸದವರೇ ಇಲ್ಲ ಎನ್ನುವ ಕಾಲ ಅದು. ತಾರಸಿಗೆ ಮೋಲ್ಡ್ ಹಾಕುವ ದಿನ ತಾವೇ ಮೇಲೆ ಹತ್ತಿ ನಿಂತು, ಹಾಲ್‌ನ ನಟ್ಟನಡುವೆ ಒಂದು ಕಬ್ಬಿಣದ ಕೊಕ್ಕೆ ಇಳಿಬಿಡಿಸಿದರು. "ಇಲ್ಲೊಂದು ಜೋರಾದ ಗೊಂಚಲು ದೀಪ ಬರ್ಬೇಕು ಮಾರಾಯ. ಬಾಗಿಲು ತೆಗೆದ ಕೂಡ್ಲೇ ಕಾಣ್ಬೇಕು" ಎಂದು ಮೇಸ್ತ್ರಿಗೆ ಹೇಳಿದರು.

ದೀಪಕ್ಕಿಂತ ಮುಂಚೆ ಗೃಹಪ್ರವೇಶ ಮುಗಿಯಿತು. ಸದ್ಯಕ್ಕಿರಲಿ ಎಂದು ಹಾಲ್‌ನ ಒಂದು ಮೂಲೆಯ ಗೋಡೆಗೆ ಬಲ್ಬು ಸಿಕ್ಕಿಸಿ, ಅದರ ಕೆಳಗೆ ಊಟದ ಮೇಜು ಹಾಕಿಕೊಂಡರು. ಗೋಡೆಗೆ ಬೆನ್ನು ಕೊಟ್ಟು ಏಕಾಂತಪ್ಪನವರು ಕೂರುತ್ತಿದ್ದರು. ಎದುರಿಗೆ ಹೆಂಡತಿ ಅಂಜನಮ್ಮ. ಆಚೆ ಈಚೆ ಮಗ ಹರ್ಷವರ್ಧನ, ಸೊಸೆ ಅರುಣಾ.

ಹೊಸ ಮನೆಗೆ ಬಂದ ಮೇಲೆ ಅಂಜನಮ್ಮ ಒಂದು ಥರ ಆದರು. ಹಗಲೆಲ್ಲ ಮೊದಲಿನ ಹಾಗೇ. ಹಣ್ಣು ಕೊಯ್ಯುವ ಹೆಂಗಸರ ಜೊತೆ ನಗು, ಕಣದಲ್ಲಿ ಕಾಫಿ ಹರವುವವರಿಗೆ ಗದರಿಕೆ, ಬೇಲಿಯಾಚೆಯವರ ಕಷ್ಟಸುಖ ಎಲ್ಲ ಇತ್ತು. ಹೊತ್ತು ಮುಳುಗಿ ಬಲ್ಬು ಹೊತ್ತಿತೆಂದರೆ ಮಾತು ನಿಂತುಹೋಗುತ್ತಿತ್ತು. ಏಕಾಂತಪ್ಪನವರು ಊಟಕ್ಕೆ ಕೂತು ತೋಟದ ವಿಷಯ ತೆಗೆದರೆ ಒಂದು "ಹೂಂ". ಕೆಲವು ಸಲ ಅದೂ ಇಲ್ಲ. ತಟ್ಟೆ ನೋಡಿಕೊಂಡು ಉಂಡು, ಎಲ್ಲರಿಗಿಂತ ಮೊದಲು ಎದ್ದುಬಿಡುತ್ತಿದ್ದರು.

"ಹಳೇ ಮನೆ ಕೆಡವಿದ್ದು ಅವ್ಳಿಗೆ ಸರಿಹೋಗಿಲ್ಲ" ಎಂದು ಏಕಾಂತಪ್ಪನವರು ಮಗನ ಹತ್ತಿರ ಅಂದರು. "ಇದಿನ್ನೂ ಅರ್ಧಂಬರ್ಧ ಮನೆ ಹಾಗೆ ಕಾಣುತ್ತೆ, ಅದಕ್ಕೇ. ಆ ದೀಪ ಒಂದು ಬಂದುಬಿಡ್ಲಿ, ನೋಡು."

ಹಾಗೆ ಒಂದು ಮಂಗಳವಾರ ಹೆಂಡತಿಯನ್ನೂ ಸೊಸೆಯನ್ನೂ ಕರೆದುಕೊಂಡು ಚಿಕ್ಕಮಗಳೂರಿಗೆ ಹೊರಟರು. ದೀಪದ ಅಂಗಡಿಯ ಒಳಗೆ ಕಾಲಿಟ್ಟರೆ ಕಣ್ಣು ಕೋರೈಸುವ ಹಾಗಿತ್ತು. ಚಾವಣಿಯಲ್ಲಿ, ಗೋಡೆಯಲ್ಲಿ, ಮೂಲೆಯಲ್ಲಿ, ಎಲ್ಲೆಲ್ಲೂ ದೀಪಗಳು ಉರಿಯುತ್ತಿದ್ದವು. ಅಂಗಡಿಯವರು ಟೀ ತರಿಸಿದರು. ಹಾಲ್‌ನ ಅಳತೆ ಕೇಳಿದರು.

"ಉದ್ದ ಹದಿನಾಲ್ಕಡಿ, ಅಗಲ ಹನ್ನೆರಡು" ಎಂದಳು ಅರುಣಾ.

"ಹಾಗಾದ್ರೆ ಎರಡೂ ಕೂಡಿಸಿ. ಇಪ್ಪತ್ತಾರು ಬಂತಲ್ಲ? ದೀಪದ ಅಗಲ ಇಪ್ಪತ್ತಾರು ಇಂಚಿನ ಆಸುಪಾಸು ಇದ್ರೆ ಹಿತವಾಗಿರುತ್ತೆ. ನಾವು ಹೇಳೋ ಲೆಕ್ಕ ಅದು."

ಏಕಾಂತಪ್ಪನವರ ಕಣ್ಣು ಆಗಲೇ ಬೇರೆ ಕಡೆ ನೆಟ್ಟಿತ್ತು. ಹಿತ್ತಾಳೆಯ ಹನ್ನೆರಡು ಕೈ, ಕೈಗೊಂದು ಮೊಗ್ಗಿನಂಥ ಬಲ್ಬು, ಕೆಳಗೆ ಸಾಲುಸಾಲು ಗಾಜಿನ ಹನಿ. ತಬ್ಬಿ ಹಿಡಿಯಲು ಒಬ್ಬರಿಂದಾಗದಷ್ಟು ದೊಡ್ಡದು.

"ಅದು ಕಲ್ಯಾಣಮಂಟಪಕ್ಕೆ ಸರಿ ಸಾರ್" ಎಂದರು ಅಂಗಡಿಯವರು.

"ನಮ್ಮನೇನೂ ಮದುವೆ ಮನೇನೇ. ಏನಂತೀಯ?" ಎಂದು ಹೆಂಡತಿಯ ಕಡೆ ತಿರುಗಿದರು.

ಅಂಜನಮ್ಮ ನಕ್ಕುಬಿಟ್ಟರು. "ಚೆನ್ನಾಗೇನೋ ಇದೆ. ಧೂಳು ಒರೆಸೋರು ಯಾರು, ನೀವಾ? ಆ ಮಣಿ ಒಂದೊಂದನ್ನೂ ಒರೆಸೋ ಹೊತ್ತಿಗೆ ಯುಗಾದಿ ಬರುತ್ತೆ." ಅಂಗಡಿಯವರ ಊರು ಯಾವುದೆಂದು ಕೇಳಿದರು, ಪಕ್ಕದಲ್ಲಿದ್ದ ಗಿರಾಕಿ ಹೆಂಗಸಿನ ಸೀರೆ ಎಲ್ಲಿಯದೆಂದು ಕೇಳಿದರು, ಗಂಡನ ಮಾತಿಗೆಲ್ಲ ಥಟ್ಟನೆ ಉತ್ತರ ಕೊಟ್ಟರು. ಏಕಾಂತಪ್ಪನವರಿಗೆ ಎಷ್ಟು ಖುಷಿಯಾಯಿತೆಂದರೆ, ಅಳತೆಯ ಮಾತು ಮತ್ತೆ ಎತ್ತಿದ ಸೊಸೆಯನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸಿ ಆ ದೀಪವನ್ನೇ ಕಟ್ಟಿಸಿದರು.

ವಾಪಸು ಬರುವಾಗ ಜೀಪು ಅರ್ಧ ದಾರಿಗೆ ಬರುವಷ್ಟರಲ್ಲಿ ಕತ್ತಲಾಯಿತು. ಮುಂದಿನ ಸೀಟಿನಿಂದ ಏಕಾಂತಪ್ಪನವರು ಏನೋ ಕೇಳಿದರು. ಅಂಜನಮ್ಮ ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಕೇಳಿದರು. ಆಗಲೂ ಕಿಟಕಿಯ ಕಡೆಗೇ ನೋಡುತ್ತಿದ್ದರು. ಏಕಾಂತಪ್ಪನವರ ಮುಖ ಗಂಟಾಯಿತು. ಅರುಣಾ ಮಾತ್ರ ಅತ್ತೆಯನ್ನೇ ನೋಡುತ್ತಾ ಕೂತಳು. ಒಂದು ಗಂಟೆಯ ಕೆಳಗೆ ಅಷ್ಟು ಕಲಕಲ ಅಂದವರು ಇವರೇನಾ ಅನ್ನಿಸಿತು.

ದೀಪ ಹಾಕಲು ಆಲ್ದೂರಿನ ವೈರಿಂಗ್ ಸುಬ್ಬಣ್ಣ ಬಂದ. ಕೊಕ್ಕೆಗೆ ಸರಪಳಿ ಸಿಕ್ಕಿಸಿ ಎಷ್ಟು ಮೋಟು ಮಾಡಿದರೂ ಗಾಜಿನ ಹನಿಗಳು ಹರ್ಷನ ತಲೆಗೆ ತಾಗುತ್ತಿದ್ದವು. ತಲೆ ತಾಗದಿರಲಿ ಎಂದು ಊಟದ ಮೇಜನ್ನೇ ಹಾಲ್‌ನ ನಡುವೆ, ದೀಪದ ಕೆಳಕ್ಕೆ ಎಳೆದರು. ಸಂಜೆ ಸ್ವಿಚ್ ಹಾಕಿದಾಗ ಮನೆ ಝಗ್ಗೆಂದಿತು. ಏಕಾಂತಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟಕ್ಕೆ ಕೂತರು. ಗಾಜಿನ ಹನಿಗಳ ನೆರಳು ಎಲ್ಲರ ಮುಖದ ಮೇಲೂ ಸಿಡುಬಿನ ಕಲೆಯ ಹಾಗೆ ಬಿದ್ದು ಅಲ್ಲಾಡುತ್ತಿತ್ತು. ತಲೆಯೆತ್ತಿದರೆ ಹನ್ನೆರಡು ಬಲ್ಬು ಕಣ್ಣಿಗೇ ಚುಚ್ಚುತ್ತಿದ್ದವು.

"ಹೆಂಗಿದೆ?" ಎಂದು ಹೆಂಡತಿಯನ್ನು ಕೇಳಿದರು.

ಅಂಜನಮ್ಮ ಕಣ್ಣು ಕಿರಿದು ಮಾಡಿ ಒಂದು ಗಳಿಗೆ ನೋಡಿದರು. "ಉಪ್ಪು ಸರಿ ಇದೆಯಲ್ಲ" ಎಂದರು.

ಏಕಾಂತಪ್ಪನವರು ಕಲಸಿದ ಅನ್ನ ಬಿಟ್ಟು ಎದ್ದು ಕೈ ತೊಳೆದರು.

ಮಾರನೆಯ ಬೆಳಿಗ್ಗೆ ಅಂಜನಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ಅರುಣಾ ಅವರ ಬೆನ್ನ ಹಿಂದೆ ನಿಂತು, ನೋಡೋಣವೆಂದು, "ಅತ್ತೆ, ಹಾಲು ಉಕ್ತಾ ಇದೆ" ಎಂದಳು. ಅಂಜನಮ್ಮ ತುರಿಯುತ್ತಲೇ ಇದ್ದರು. ಇನ್ನೂ ಗಟ್ಟಿಯಾಗಿ ಹೇಳಿದಳು. ಏನೂ ಇಲ್ಲ. ಮುಂದೆ ಬಂದು ಅವರ ಎದುರಿಗೆ ಕೂತಳು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ನಿಮಗೆ ಕಿವಿ ಕೇಳ್ತಾ ಇಲ್ಲ ಅಲ್ವಾ?"

ಅಂಜನಮ್ಮನ ಕೈ ನಿಂತಿತು. ಮೊದಲು ಬಾಗಿಲ ಕಡೆ ನೋಡಿದರು, ಯಾರೂ ಇರಲಿಲ್ಲ.

"ಬಲಗಿವಿ ಹೋಗಿ ಎಷ್ಟೋ ವರ್ಷ ಆತು. ಎಡದ್ದೂ ಈಗ ಹೋದ ಹಾಗೇ. ಬಾಯಿ ನೋಡಿ ತಿಳ್ಕೊಳ್ತೀನಿ" ಎಂದರು. "ಹಳೇ ಮನೇಲಿ ಒಲೆ ಮುಂದೆ ಕೂತು ಉಣ್ತಿದ್ವಿ. ಬೆಂಕಿ ಬೆಳಕು ನೇರ ಮುಖಕ್ಕೆ ಬೀಳ್ತಿತ್ತು. ನಿಮ್ಮ ಮಾವ ಏನಂದ್ರೂ ತಿಳೀತಿತ್ತು. ಈ ಮನೇಲಿ ಅವರ ಬೆನ್ನ ಹಿಂದೆ ಬಲ್ಬು. ಮುಖ ಅಂದ್ರೆ ಬರೀ ಮಸಿ. ನಿನ್ನೆ ಬಂತಲ್ಲ ಆ ದೀಪ, ಅದರಲ್ಲಿ ಅವರ ಬಾಯಿ ಎಲ್ಲಿದೆ ಅಂತಲೇ ಗೊತ್ತಾಗ್ಲಿಲ್ಲ ನಂಗೆ."

"ಮಾವನಿಗೆ ಹೇಳ್ಬಹುದಿತ್ತಲ್ಲ ಅತ್ತೆ."

"ನನ್ನ ಅಮ್ಮನಿಗೂ ಹೀಗೇ ಆತು. ಆಮೇಲೆ ಅವಳ ಹೆಸರು ಹಿಡಿದು ಯಾರೂ ಕರೀಲಿಲ್ಲ. 'ಕಿವುಡಿಗೆ ಊಟ ಕೊಟ್ರಾ', 'ಕಿವುಡೀನ ಒಳಗೆ ಕೂರಿಸಿ', ಎಲ್ಲ ಅವಳ ಎದುರಿಗೇ. ಒಂದು ಮಾತು ಕೇಳೋರಿಲ್ಲ, ಹೇಳೋರಿಲ್ಲ." ಅಂಜನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನೀನು ಯಾರಿಗೂ ಹೇಳ್ಬೇಡ. ನನ್ನಾಣೆ."

ಅರುಣಾ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಆದರೆ ಸುಮ್ಮನಿರಲೂ ಆಗದೆ, ಮಧ್ಯಾಹ್ನ ಕಣದ ಅಂಚಿನಲ್ಲಿ ನಿಂತಿದ್ದ ಮಾವನ ಹತ್ತಿರ ಹೋದಳು. ಕಣದ ತುಂಬಾ ಕಾಫಿ ಹಣ್ಣು ಒಣಗುತ್ತಿತ್ತು. ಆಚೆ ತುದಿಯಲ್ಲಿ ಅಂಜನಮ್ಮ ಗೋರೆಮಣೆ ಹಿಡಿದು ಹಣ್ಣು ಎಳೆದು ಹರವುತ್ತಿದ್ದರು.

"ಮಾವ, ಆ ದೀಪ ನಮ್ಮ ಹಾಲ್‌ಗೆ ದೊಡ್ಡದಾತು. ಕಣ್ಣಿಗೆ ಹೊಡೆಯುತ್ತೆ. ಬೇರೆ ತರೋಣ."

ಏಕಾಂತಪ್ಪನವರು ಹೆಂಡತಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ಅವ್ಳು ಹೇಳಿ ಕಳಿಸಿದ್ಲಾ? ದೀಪದ್ದಲ್ಲ ಕಣಮ್ಮ ಅದು. ನಾನೇ ಬೇಡ ಆಗಿದೀನಿ. ಇಡೀ ದಿನ ಊರವರ ಜೊತೆ ಮಾತು, ಕತ್ತಲಾದ್ರೆ ನನ್ನ ಮುಖ ನೋಡಿದ್ರೆ ಬಾಯಿ ಕಟ್ಟುತ್ತೆ. ಇಷ್ಟು ವರ್ಷ ಜೊತೆಗಿದ್ದು, ಈಗ ಹೀಗಾಗ್ಬೇಕಿತ್ತಾ?"

ಬಿಸಿಲು ಅವರ ಮುಖಕ್ಕೆ ನೇರವಾಗಿ ಬಿದ್ದಿತ್ತು. ಕಣದ ಆಚೆ ಅಂಜನಮ್ಮ ಗೋರೆಮಣೆ ಕೆಳಗಿಟ್ಟರು. ಅಷ್ಟು ದೂರದಿಂದ ಯಾರ ಕಿವಿಗೂ ಬೀಳದ ಮಾತು ಅವರ ಕಣ್ಣಿಗೆ ಬಿದ್ದಿತ್ತು. ಹಣ್ಣಿನ ಮೇಲೇ ಕಾಲಿಟ್ಟುಕೊಂಡು ನೆಟ್ಟಗೆ ನಡೆದು ಬಂದರು.

"ಬೇಡ ಆಗಿಲ್ಲ" ಎಂದರು. "ನಂಗೆ ಕಿವಿ ಕೇಳಲ್ಲ. ಕತ್ತಲಲ್ಲಿ ನಿಮ್ಮ ಬಾಯಿ ಕಾಣಲ್ಲ. ಅಷ್ಟೇ."

ಏಕಾಂತಪ್ಪನವರಿಗೆ ಅದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಸೊಸೆಯ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಕಣದ ಕಟ್ಟೆಯ ಮೇಲೆ ಕೂತುಬಿಟ್ಟರು.

"ಎಷ್ಟು ದಿವಸದಿಂದ?"

"ದಿವಸ ಅಲ್ಲ. ವರ್ಷ."

"ನನ್ನ ಹತ್ರ ಹೇಳ್ಬಾರದಿತ್ತೇನೇ?"

"ಹೇಳಿದ್ರೆ ನೀವು ಊರಿಗೆಲ್ಲ ಕೇಳೋ ಹಾಗೆ ಕೂಗಿ ಮಾತಾಡ್ತಿದ್ರಿ. ನಂಗೆ ಗೊತ್ತಿಲ್ವಾ ನೀವು?"

ಏಕಾಂತಪ್ಪನವರು ನಗಲಿಲ್ಲ. ಮುನಿಸು ಅವರಿಗೆ ಎರಡು ದಿನ ಹೋಗಲಿಲ್ಲ. ಹೆಂಡತಿ ತಮ್ಮಿಂದ ಇಷ್ಟು ದೊಡ್ಡ ಸಂಗತಿ ಬಚ್ಚಿಟ್ಟಳಲ್ಲ ಎಂಬುದು ಒಂದು ಕಡೆ. ಬೆನ್ನ ಹಿಂದಿನಿಂದ ಕರೆದು, ತಿರುಗಿ ನೋಡಲಿಲ್ಲ ಎಂದು ತಾವು ರೇಗಿದ್ದು ಎಷ್ಟು ಸಲ ಎಂಬುದು ಇನ್ನೊಂದು ಕಡೆ. ತೋಟದಲ್ಲಿ ಒಬ್ಬರೇ ಓಡಾಡಿದರು. ಮೂರನೆಯ ದಿನ ತಾವೇ ಏಣಿ ಹಾಕಿ, ಹರ್ಷನನ್ನು ಕರೆದು ಗೊಂಚಲು ದೀಪ ಇಳಿಸಿದರು. ಅದನ್ನು ಅಂಗಡಿಗೇ ವಾಪಸು ಕೊಡಲೆಂದು, ಈ ಸಲ ಬೇರೆ ಯಾರನ್ನೂ ಕರೆಯದೆ ಅಂಜನಮ್ಮನನ್ನೊಬ್ಬರನ್ನೇ ಕರೆದುಕೊಂಡು ಹೋದರು.

ಇಬ್ಬರೂ ತಂದದ್ದು ಒಂದು ಸಾದಾ ದೀಪ. ಮಗುಚಿಟ್ಟ ಬಟ್ಟಲಿನಂಥ ಹಾಲುಬಣ್ಣದ ಗಾಜು, ಒಳಗೊಂದೇ ಬಲ್ಬು. ಅಗಲ ಎರಡಡಿಗೂ ಕಡಿಮೆ. ಅಂಗಡಿಯವರು ಹೇಳಿದ ಇಪ್ಪತ್ತಾರು ಇಂಚು ಹಾಲ್‌ನ ಲೆಕ್ಕ. "ನಾವು ಬೆಳಗ್ಬೇಕಾದ್ದು ಹಾಲ್ ಅಲ್ಲ, ಮೇಜು" ಎಂದಿದ್ದರಂತೆ ಅಂಜನಮ್ಮ.

ಎಷ್ಟು ಎತ್ತರಕ್ಕೆ ಕಟ್ಟಬೇಕು ಎನ್ನುವುದಕ್ಕೆ ಮಾತ್ರ ಆ ಸಂಜೆ ಪೂರ್ತಿ ಹಿಡಿಯಿತು. ಸುಬ್ಬಣ್ಣ ಮೇಜಿನ ಪಕ್ಕ ಏಣಿಯ ಮೇಲೆ ವೈರು ಹಿಡಿದು ನಿಂತ. ನಾಲ್ವರೂ ತಂತಮ್ಮ ಜಾಗದಲ್ಲಿ ಕೂತರು. ದೀಪ ತೀರಾ ಕೆಳಗೆ ಬಂದರೆ ಎದುರಿನವರ ಮುಖವೇ ಮರೆಯಾಗುತ್ತಿತ್ತು. ಮೇಲೆ ಹೋದರೆ ಹುಬ್ಬು ಮೂಗಿನ ನೆರಳು ಇಳಿದು ಬಾಯಿ ಕಪ್ಪಾಗುತ್ತಿತ್ತು.

"ಈಗ ಮಾತಾಡಿ, ದನಿ ತೆಗೀಬೇಡಿ" ಎಂದರು ಅಂಜನಮ್ಮ. ಹರ್ಷ ಬಾಯಿ ಆಡಿಸಿದ. "ನಾಳೆ ಜೀಪು ರಿಪೇರಿ. ಸರಿ. ಸುಬ್ಬಣ್ಣ, ಒಂದು ಗೇಣು ಕೆಳಗೆ ಬಿಡು." ಅರುಣಾ ಆಡಿಸಿದಳು. "ಬಣಕಲ್ಲಿಗೆ ಹೋಗ್ಬೇಕಾ, ಅಮ್ಮನ ಮನೆಗೆ? ಹೋಗು, ಯಾರು ಬೇಡ ಅಂದ್ರು. ಇನ್ನೂ ಸ್ವಲ್ಪ ಇಳಿಸು. ಹಾಂ, ಅಲ್ಲೇ." ಅರುಣಾ ಎದ್ದು ಹೋಗಿ ಬಿಳಿ ಪಂಚೆಯೊಂದನ್ನು ತಂದು ಮೇಜಿನ ಮೇಲೆ ಹಾಸಿದಳು. ಬಟ್ಟೆಯಿಂದ ಬೆಳಕು ಪುಟಿದು ಗಲ್ಲದ ಕೆಳಗಿನ ಕತ್ತಲೂ ತೆಳುವಾಯಿತು.

ಏಕಾಂತಪ್ಪನವರ ಸರದಿ ಬಂತು. ಏನೋ ಹೇಳಿದರು. ಅಂಜನಮ್ಮ ಮುಂದಕ್ಕೆ ಬಾಗಿ ನೋಡಿದರು. "ಇನ್ನೊಂದು ಸಲ." ಮತ್ತೆ ಹೇಳಿದರು. ಅಂಜನಮ್ಮ ತಲೆಯಾಡಿಸಿದರು.

"ದೀಪ ಸರಿ ಇದೆ. ಮೀಸೆ ಅಡ್ಡ ಬರುತ್ತೆ."

ಏಣಿಯ ಮೇಲಿದ್ದ ಸುಬ್ಬಣ್ಣ ನಗು ತಡೆಯಲಾರದೆ ವೈರು ಬಿಡುವುದರಲ್ಲಿದ್ದ. ಏಕಾಂತಪ್ಪನವರು ತಮ್ಮ ತುಂಬು ಮೀಸೆಯನ್ನು ಮುಟ್ಟಿಕೊಂಡು ಬಚ್ಚಲಿಗೆ ಹೋದರು. ತಿರುಗಿ ಬಂದಾಗ ಮೇಲ್ದುಟಿ ಕಾಣುವ ಹಾಗೆ ಮೀಸೆ ಕತ್ತರಿಸಿಯಾಗಿತ್ತು, ಒಂದು ಕಡೆ ಸ್ವಲ್ಪ ಹೆಚ್ಚೇ. ಕೂತು, ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು. ಅಂಜನಮ್ಮ ನೋಡಿದರು, ನೋಡಿ ಕಣ್ಣು ತಗ್ಗಿಸಿದರು.

"ತಿಳೀತು" ಎಂದರು. ಏನೆಂದು ಬಿಡಿಸಿ ಹೇಳಲಿಲ್ಲ. ಉಳಿದವರು ಕೇಳಲೂ ಇಲ್ಲ.

ಅಂದಿನಿಂದ ಆ ಮನೆಯಲ್ಲಿ ಊಟದ ಹೊತ್ತಿಗೆ ಮಾತು ಶುರುವಾಯಿತು, ಮಾತಿನ ಜೊತೆ ಜಗಳವೂ ಬಂತು. ಹಳ್ಳದ ಬದಿಗೆ ರೊಬಸ್ಟಾ ಕಾಫಿ ಹಾಕೋಣ ಎಂದ ಗಂಡನಿಗೆ ಅಂಜನಮ್ಮ ಸೊಪ್ಪು ಹಾಕಲಿಲ್ಲ. ಅಡುಗೆಮನೆಗೆ ಕಿಟಕಿ ಸಣ್ಣದಾಯಿತು ಎನ್ನುವುದನ್ನು ಅಷ್ಟು ತಿಂಗಳ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದರು. ಮಂಗಳೂರಿನ ಡಾಕ್ಟರು ಕಿವಿಗೆ ಮಿಶನ್ ಕೊಟ್ಟರು. ಅದು ಸೀಟಿ ಹೊಡೆಯುತ್ತದೆಂದು ಅಂಜನಮ್ಮ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಹಾಕಿಕೊಳ್ಳುತ್ತಿದ್ದರು. ಏಕಾಂತಪ್ಪನವರು ಮರೆತು ಬೆನ್ನ ಹಿಂದಿನಿಂದ ಕರೆಯುವುದು ಪೂರ್ತಿ ನಿಲ್ಲಲಿಲ್ಲ. ಕರೆದು, ನೆನಪಾಗಿ, ಸುತ್ತು ಹಾಕಿ ಮುಂದೆ ಬಂದು ನಿಲ್ಲುತ್ತಿದ್ದರು.

ಬೇಸಿಗೆಯಲ್ಲಿ ಮೂಡಿಗೆರೆಯಿಂದ ಏಕಾಂತಪ್ಪನವರ ಅಕ್ಕ ಗಿಡ್ಡಮ್ಮ ಬಂದರು. ಹಾಲ್‌ಗೆ ಕಾಲಿಟ್ಟವರೇ, "ಎಂತದು ಇದು, ನಡುಮನೇಲಿ ಊಟದ ಮೇಜು? ಆ ದೀಪ ಇನ್ನೊಂಚೂರು ದೊಡ್ಡದು ತರ್ಬಾರದಿತ್ತಾ?" ಎಂದರು. ಅಂದು ಸಂಜೆ ಊಟಕ್ಕೆ ಮೇಜಿನಿಂದ ಕುರ್ಚಿ ದೂರ ಎಳೆದುಕೊಂಡು, ತಟ್ಟೆ ತೊಡೆಯ ಮೇಲಿಟ್ಟು, ಬಾಗಿಲ ಕಡೆ ಮುಖ ಮಾಡಿ ಮಾತಿಗೆ ತೊಡಗಿದರು. ಅಂಜನಮ್ಮ ಸ್ವಲ್ಪ ಹೊತ್ತು ನೋಡಿದರು. ಏಕಾಂತಪ್ಪನವರು ತಾವೇ ಏನಾದರೂ ಹೇಳಲೇ ಎಂಬಂತೆ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಂಜನಮ್ಮನೇ ಕೈ ಚಾಚಿ ಗಿಡ್ಡಮ್ಮನ ತೋಳು ಮುಟ್ಟಿದರು.

"ಅತ್ತಿಗೆ, ನಂಗೆ ಕಿವಿ ಕೇಳಲ್ಲ. ಇಲ್ಲಿ ದೀಪದ ಕೆಳಗೆ ಬನ್ನಿ. ಮುಖ ಕಂಡ್ರೆ ತಿಳಿಯುತ್ತೆ."

ಗಿಡ್ಡಮ್ಮ ತಮ್ಮನ ಕಡೆ ನೋಡಿದರು. ಆಮೇಲೆ ತಟ್ಟೆ ಎತ್ತಿಕೊಂಡು ಬಂದು ಅಂಜನಮ್ಮನ ಎದುರಿಗೆ ಕೂತು, ಬಾಯಿ ಇಷ್ಟಗಲ ಮಾಡಿ, "ನಾನು ಹೇಳಿದ್ದು ನನ್ನ ಸೊಸೆ ವಿಷಯ" ಎಂದು ಗಟ್ಟಿಯಾಗಿ ಕೂಗಿದರು.

"ಕೂಗ್ಬೇಡಿ ಅತ್ತಿಗೆ, ಬಾಯಿ ಸೊಟ್ಟ ಆಗುತ್ತೆ, ತಿಳಿಯಲ್ಲ" ಎಂದರು ಅಂಜನಮ್ಮ. "ನಿಧಾನ ಹೇಳಿ. ಎಂತ ಮಾಡಿದ್ಲು ಅವ್ಳು?"

ಗಿಡ್ಡಮ್ಮ ದನಿ ಇಳಿಸಿ, ಮೊದಲಿನಿಂದ ಶುರು ಮಾಡಿದರು.