ಲೀಟರಿಗೆ ಇಪ್ಪತ್ನಾಲ್ಕು

“ಇನ್ನೊಬ್ರು ಹತ್ತಬಹುದು, ಬನ್ನಿ ಬನ್ನಿ,” ಎಂದು ಮಗಳು ಅಪ್ಪನ ಹಳೆಯ ಕಾರಿನ ಹಿಂಬಾಗಿಲು ಹಿಡಿದುಕೊಂಡು ಕರೆಯುತ್ತಿದ್ದಳು. ಪಕ್ಕದ ಮನೆಯ ದಪ್ಪನೆಯ ಅಜ್ಜಿ ಒಂದು ಕಾಲು ಒಳಗಿಟ್ಟದ್ದೇ ತಡ, ತಾಯಿಯ ಬಾಯಿಂದ ಮಾತು ಹಾರಿಹೋಯಿತು: “ಬೇಡ ಕಣೇ, ಭಾರ ಆಗುತ್ತೆ.”

ಅಜ್ಜಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಗೇಟಿನ ಬಳಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ತಾಯಿ ನಾಲಿಗೆ ಕಚ್ಚಿಕೊಂಡಳು. ಅದು ಆಕೆಯ ಮಾತಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಬಾಯಿಗೆ ಹತ್ತಿದ್ದು. ಆ ಮಾತಿನ ಒಡೆಯ, ಆಕೆಯ ಗಂಡ, ಮುಂದೆ ನಿಂತ ಬಿಳಿ ವ್ಯಾನಿನಲ್ಲಿ ಹೂವಿನ ಕೆಳಗೆ ಮಲಗಿದ್ದ.

“ಭಾರ ಆಗ್ಲಿ ಬಿಡಕ್ಕ,” ಎಂದ ಆಕೆಯ ತಮ್ಮ. “ಇವತ್ತು ಲೆಕ್ಕ ಹಾಕೋರು ಯಾರೂ ಇಲ್ಲ.”

ಯಾರೋ ನಕ್ಕರು, ಥಟ್ಟನೆ ಕೆಮ್ಮಿ ಮುಚ್ಚಿಕೊಂಡರು. ಅಜ್ಜಿ ಹತ್ತಿದಳು. ತಾಯಿಯೂ ಹಿಂದೆಯೇ ಹತ್ತಿ ಅಜ್ಜಿಯ ಪಕ್ಕದಲ್ಲಿ ಮುದುಡಿ ಕೂತಳು. ಮುಂದಿನ ಸೀಟಿನಲ್ಲಿ ತಮ್ಮ ಕೂತ.

ಮಗಳು ಏಸಿ ಹಾಕಿದಳು. ಧೂಳಿನ ವಾಸನೆಯ ಗಾಳಿ ಭುಸ್ಸೆಂದು ಬಂತು. ತಮ್ಮ ಹುಬ್ಬೇರಿಸಿದ. “ಅಯ್ಯೋ, ಇದು ಕೆಲಸ ಮಾಡುತ್ತಾ? ನಾನು ಬರೀ ಶೋಕಿಗೆ ಇಟ್ಟಿರೋದು ಅಂದ್ಕೊಂಡಿದ್ದೆ.”

“ಮಾಮ, ಸುಮ್ನಿರು,” ಎಂದಳು ಮಗಳು. ಆದರೆ ಏಸಿ ಆರಿಸಲಿಲ್ಲ.

*

ಗಂಡ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು. ಮನೆಮಂದಿಯೆಲ್ಲ ಕೂತು ಹೋಗುವಂಥ ಒಂದು ಸಾಧಾರಣ ಕಾರು ಕಡಿಮೆ ಪೆಟ್ರೋಲು ಕುಡಿಯಬೇಕು, ಕಡಿಮೆ ಹೊಗೆ ಬಿಡಬೇಕು. ಅದೇ ಅವನಿಗೆ ಒಪ್ಪಿಸಿದ ಕೆಲಸ. ಮದುವೆಯಾದ ಹೊಸತು. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನೇ ಬೆರಳಿನಿಂದ ಸವರುತ್ತ ಪಿಸ್ಟನ್ನಿನ ರಿಂಗು ಎಲ್ಲಿ ಉಜ್ಜುತ್ತದೆ, ಆ ಉಜ್ಜಾಟಕ್ಕೆ ಎಷ್ಟು ಪೆಟ್ರೋಲು ದಂಡ ಎಂದು ವಿವರಿಸುವನು. ಬಾಗಿಲಿನ ತಗಡನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿಸಿದ ದಿನ ಮನೆಗೆ ಸಿಹಿ ತಂದಿದ್ದ. ಲೀಟರಿಗೆ ಹದಿನಾರು ಕಿಲೋಮೀಟರು ಕೊಡುತ್ತಿದ್ದ ಎಂಜಿನ್ನು ಹತ್ತೊಂಬತ್ತು ಕೊಟ್ಟಾಗ ಆಕೆಯನ್ನು ಅಡುಗೆಮನೆಯಿಂದಲೇ ಎತ್ತಿಕೊಂಡು ಒಂದು ಸುತ್ತು ತಿರುಗಿದ್ದ. ಆ ಗಂಡನನ್ನು ನೆನೆದರೆ ಆಕೆಗೆ ಈಗಲೂ ಕೆನ್ನೆ ಬೆಚ್ಚಗಾಗುತ್ತಿತ್ತು.

ಆಮೇಲೆ ದೊಡ್ಡ ರಸ್ತೆಯ ತಿರುವಿನಲ್ಲಿ ಜಾಹೀರಾತಿನ ಹಲಗೆ ಎದ್ದಿತು. ಕಿಟಕಿಯಿಂದ ಕೈಬೀಸುವ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೆಳಗೆ ಆಳೆತ್ತರದ ಅಕ್ಷರ: ಲೀಟರಿಗೆ ಇಪ್ಪತ್ನಾಲ್ಕು. ಹೊಗೆ ಅರ್ಧ.

“ಹತ್ತೊಂಬತ್ತು ಅಂದಿದ್ರಿ?” ಎಂದು ಆಕೆ ಕೇಳಿದ್ದಳು.

“ಜಾಸ್ತಿ ಆಯ್ತು,” ಎಂದಿದ್ದ ಅವನು, ಹಲಗೆಯತ್ತ ನೋಡದೆ.

ಮೊದಲ ತಂಡದಲ್ಲೇ ಒಂದು ಕಾರು ಮನೆಗೆ ಬಂತು. ಅದರ ಹಿಂದೆಯೇ ಕಟ್ಟುಪಾಡುಗಳೂ ಬಂದವು. ಏಸಿ ಹಾಕುವ ಹಾಗಿಲ್ಲ. ಕಿಟಕಿ ಇಳಿಸುವ ಹಾಗಿಲ್ಲ, ಗಾಳಿ ತಡೆಯುತ್ತದೆ. ಊರಿಗೆ ಹೊರಟರೆ ಆಕೆಯ ಬಟ್ಟೆಯ ಗಂಟನ್ನು ಕೈಯಲ್ಲಿ ತೂಗಿ ನೋಡುವನು. ಏರು ಬಂದರೆ ತಮ್ಮನನ್ನು ಬುಡದಲ್ಲೇ ಇಳಿಸಿ, “ನಡ್ಕೊಂಡು ಬಾ ಮಾರಾಯ, ಮೇಲೆ ಹತ್ತಿಸ್ಕೋತೀನಿ,” ಅನ್ನುವನು. ನೆಂಟರು ಬಿದ್ದೂ ಬಿದ್ದೂ ನಗುತ್ತಿದ್ದರು. ಆಕೆಯೂ ಕೆಲಕಾಲ ನಕ್ಕಳು. ಮಗಳಿಗೆ ಒಂಬತ್ತು ತುಂಬುವ ಹೊತ್ತಿಗೆ ನಗು ಒಣಗಿತ್ತು.

*

ಚಿತಾಗಾರದಲ್ಲಿ ಇವರಿಗಿಂತ ಮೊದಲು ಬಂದ ಹೆಣ ಒಂದಿತ್ತು. ಕಾಯಬೇಕಾಯಿತು. ಬಿಸಿಲು ತಡೆಯಲಾರದೆ ಅರ್ಧ ಜನ ತಮ್ಮ ತಮ್ಮ ಕಾರಿನೊಳಗೆ ಕೂತು ಎಂಜಿನ್ ಚಾಲೂ ಇಟ್ಟುಕೊಂಡಿದ್ದರು. ಉಳಿದವರು ತಗಡಿನ ಚಪ್ಪರದ ಕೆಳಗಿನ ಕಲ್ಲುಬೆಂಚುಗಳಲ್ಲಿ ಕೂತರು.

ಕಾರ್ಖಾನೆಯಿಂದ ಮ್ಯಾನೇಜರು ಬಂದಿದ್ದ. ಸತ್ತವನನ್ನು ಅವನು ಕಂಡವನೇ ಅಲ್ಲ. ಆದರೂ ಎದ್ದು ನಿಂತು, ಕೈಕಟ್ಟಿ, ಒಳ್ಳೆಯ ಗಂಟಲಿನಲ್ಲಿ ಮಾತಾಡಿದ. “ಪರಿಸರ ಎಂಬ ಮಾತು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ ಅವರು ಹೊಗೆಯ ಬಗ್ಗೆ ಯೋಚಿಸಿದರು. ಲೀಟರಿಗೆ ಇಪ್ಪತ್ನಾಲ್ಕು! ಅವರು ಈ ದೇಶಕ್ಕೆ ಉಳಿಸಿಕೊಟ್ಟ ಪೆಟ್ರೋಲಿನಲ್ಲಿ ಒಂದು ಕೆರೆ ತುಂಬಬಹುದು.”

“ಅದ್ರಲ್ಲಿ ನಮ್ಮ ಬೆವರು ಎಷ್ಟು ಬಿಂದಿಗೆ ಅಂತಾನೂ ಹೇಳ್ಲಿ,” ಎಂದು ತಮ್ಮ ಗೊಣಗಿದ.

“ಬಿಡೋ,” ಎಂದಳು ಆಕೆ. “ಕಲ್ಲಿನಂಥ ಮನುಷ್ಯ ಅಂತೀರ ಎಲ್ರೂ. ಅಮ್ಮ ಹೋದ ದಿನ ಅವ್ರು ಅತ್ತಿದ್ದು ನೀನು ನೋಡಿದ್ದೀಯಲ್ಲ.”

“ನೋಡಿದ್ದೀನಿ,” ಎಂದ ತಮ್ಮ. “ಅದೊಂದಕ್ಕೇ ನಾನೂ ಸುಮ್ನಿದ್ದಿದ್ದು.”

*

ಆಕೆಯ ತಾಯಿ ಬೇರೆ ಊರಿನ ಆಸ್ಪತ್ರೆಯಲ್ಲಿದ್ದಳು. ಬೇಗ ಬನ್ನಿ ಎಂದು ತಮ್ಮ ಹೇಳಿಕಳಿಸಿದ್ದ. ಹೆದ್ದಾರಿಯ ತುಂಬ ಬಿಸಿಲು. ಕಾರಿನ ಗಾಜುಗಳೆಲ್ಲ ಮೇಲಕ್ಕೆ. ಹಿಂದಿನ ಸೀಟಿನಲ್ಲಿ ಮಗಳು ಬೆವರಿ ಬೆವರಿ ಕೊನೆಗೆ ಮಡಿಲಿಗೇ ವಾಂತಿ ಮಾಡಿಕೊಂಡಳು. ವೇಗದ ಮುಳ್ಳು ಐವತ್ತೈದರ ಮೇಲೆ ಹೆಪ್ಪುಗಟ್ಟಿ ಕೂತಿತ್ತು. ಲಾರಿಗಳು, ಬಸ್ಸುಗಳು, ಕೊನೆಗೆ ಮೇವು ಹೇರಿದ ಟ್ರ್ಯಾಕ್ಟರೊಂದೂ ಇವರನ್ನು ದಾಟಿಕೊಂಡು ಹೋಯಿತು.

“ಸ್ವಲ್ಪ ಜೋರಾಗಿ ಓಡಿಸ್ರೀ,” ಎಂದಳು ಆಕೆ. “ಕೈ ಮುಗೀತೀನಿ.”

ಗಂಡನಿಗೆ ಕೇಳಿಸಿತೋ ಇಲ್ಲವೋ. ಕಾಲಿನ ಕೆಳಗೆ ಮೊಟ್ಟೆ ಇಟ್ಟುಕೊಂಡವನ ಹಾಗೆ ಪೆಡಲನ್ನು ಒತ್ತಿಯೂ ಒತ್ತದೆ ಕೂತಿದ್ದ. ತುಟಿ ಏನನ್ನೋ ಎಣಿಸುತ್ತಿತ್ತು.

ಊರು ಬಂತು. ಆಸ್ಪತ್ರೆಯ ಕಟ್ಟಡ ಕಾಣಿಸಿತು. ಕಾರು ಅತ್ತ ತಿರುಗಲಿಲ್ಲ. ಎದುರಿನ ಪೆಟ್ರೋಲ್ ಬಂಕಿಗೆ ಹೋಗಿ ನಿಂತಿತು. “ಒಂದ್ನಿಮಿಷ. ಫುಲ್ ಟ್ಯಾಂಕ್ ಮಾಡಿಸಿ ಬಂದ್ಬಿಡ್ತೀನಿ,” ಎಂದ. ಹೊರಡುವಾಗಲೂ ಕತ್ತಿನ ಮಟ್ಟ ತುಂಬಿಸಿದ್ದ. ಈಗ ಎಷ್ಟು ಹಿಡಿಯುತ್ತದೋ ಅಷ್ಟೇ ಖರ್ಚಾದದ್ದು. ಅದು ಅವನ ಅಳತೆ. ಆಕೆ ಬಾಗಿಲು ತೆರೆದು, ಮಗುವನ್ನು ಎಳೆದುಕೊಂಡು, ರಸ್ತೆಗೆ ಅಡ್ಡಡ್ಡ ಓಡಿದಳು.

ತಾಯಿಯ ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದರು. ಕೈ ಇನ್ನೂ ಬೆಚ್ಚಗಿತ್ತು.

ಬಹಳ ಹೊತ್ತಾದ ಮೇಲೆ ಗಂಡ ಬಂದ. ಅವನ ಮುಖಕ್ಕೆ ಉಗಿಯಬೇಕೆಂದೇ ಆಕೆ ತಿರುಗಿದ್ದಳು. ಆದರೆ ಅವನ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಮೂಗು ಸೋರುತ್ತಿತ್ತು. ಅತ್ತೆಗಾಗಿ ಬಂಕಿನ ಮೂಲೆಯಲ್ಲಿ ಒಬ್ಬನೇ ನಿಂತು ಅತ್ತಿದ್ದಾನೆ, ಸುದ್ದಿ ಯಾರೋ ಅಲ್ಲೇ ಹೇಳಿರಬೇಕು, ಎಂದುಕೊಂಡಳು. ಬಾಯಿಗೆ ಬಂದದ್ದನ್ನು ನುಂಗಿದಳು. ಅಂದಿನಿಂದ ಆ ಕಾರಿನ ಮುಂದಿನ ಸೀಟಿನಲ್ಲಿ ಆಕೆ ಕೂರಲಿಲ್ಲ. ಆದರೆ ಮನೆ ಬಿಟ್ಟೂ ಹೋಗಲಿಲ್ಲ. ಎಷ್ಟೋ ಸಲ ಹೋಗಬೇಕೆನಿಸಿದಾಗ ಆ ಕೆಂಪು ಕಣ್ಣುಗಳನ್ನು ನೆನೆದು ಉಳಿದಳು.

*

ಮ್ಯಾನೇಜರು ಕೂತ ಮೇಲೆ, ಚಪ್ಪರದ ತಗಡಿಗೆ ತಲೆ ತಾಗುವಷ್ಟು ಎತ್ತರದ ಮುದುಕನೊಬ್ಬ ಬಗ್ಗಿಕೊಂಡು ಆಕೆಯ ಬಳಿ ಬಂದ. ಕಾರ್ಖಾನೆಯಲ್ಲಿ ಹೊಸ ಕಾರುಗಳನ್ನು ಓಡಿಸಿ ನೋಡುತ್ತಿದ್ದ ಡ್ರೈವರು. ಅವನನ್ನು ಎಲ್ಲರೂ ಉದ್ದಣ್ಣ ಎಂದೇ ಕರೆಯುವುದು. ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡ.

“ಅತ್ತಿಗೆ, ಆ ಮ್ಯಾನೇಜರಿಗೆ ಏನು ಗೊತ್ತು. ಇಪ್ಪತ್ನಾಲ್ಕು ಅಂತೆ! ಅವತ್ತು ಆ ಪರೀಕ್ಷೆ ಕಾರು ಓಡಿಸಿದ್ದು ನಾನು. ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಿದ್ರು. ಟೈರಿಗೆ ಕಲ್ಲಿನ ಥರ ಗಾಳಿ. ಸ್ಟೆಪ್ನಿ ತೆಗೆದ್ರು. ಕೊನೆಗೆ ಹಿಂದಿನ ಸೀಟನ್ನೇ ಕಿತ್ತು ಹೊರಗೆ ಹಾಕಿದ್ರು. ಫ್ಯಾಮಿಲಿ ಕಾರು, ಫ್ಯಾಮಿಲಿ ಕೂರೋ ಜಾಗಾನೇ ಇಲ್ಲ! ಹೊಗೆ ಲೆಕ್ಕಾನೂ ಹಂಗೇ. ಎದುರು ಕಂಪನಿದು ಇಪ್ಪತ್ಮೂರು ಇತ್ತಲ್ಲ, ಇವ್ರಿಗೆ ಇಪ್ಪತ್ನಾಲ್ಕು ಬೇಕಿತ್ತು.”

ಆಕೆ ಅವನನ್ನೇ ನೋಡಿದಳು. “ಇವ್ರು?”

“ಹತ್ತೊಂಬತ್ತೇ ನಿಜ ಅಂತ ಹಟ ಹಿಡಿದ್ರು. ಆಮೇಲೆ ಸಹಿ ಹಾಕಿದ್ರು. ಹಾಕ್ದೆ ಏನ್ಮಾಡ್ತಾರೆ? ನಿಮಗೆ ಹೇಳಿರಬೇಕಲ್ಲ.”

“ಇಲ್ಲ.”

ಉದ್ದಣ್ಣ ಗಲಿಬಿಲಿಗೊಂಡ. ಎದ್ದುಹೋಗುವನೋ ಎನಿಸಿತು. ಆದರೆ ಸಮಾಧಾನ ಹೇಳಲು ಬಂದವನು ಬರಿಗೈಯಲ್ಲಿ ಹೋಗಲಾರದೆ ಮತ್ತೆ ಶುರುಮಾಡಿದ. “ಆದ್ರೆ ಒಂದು ಮಾತು. ಅವ್ರು ಸುಳ್ಳನ್ನ ಸುಳ್ಳಾಗೇ ಬಿಡ್ಲಿಲ್ಲ. ‘ಒಂದೇ ಒಂದು ಸಲ, ಮನೆಯವ್ರನ್ನ ಕೂರಿಸ್ಕೊಂಡು, ರಸ್ತೆ ಮೇಲೆ ಇಪ್ಪತ್ನಾಲ್ಕು ತೆಗೆದ್ರೆ ಸಾಕು ಕಣೋ, ಆಮೇಲೆ ಯಾರೂ ನನ್ನ ಸುಳ್ಳ ಅನ್ನಂಗಿಲ್ಲ,’ ಅಂತಿದ್ರು. ತೆಗೆದೇಬಿಟ್ರು! ಯಾವ್ದೋ ಬಂಕಿಂದ ನಂಗೆ ಫೋನು. ‘ಬಂತು ಉದ್ದಣ್ಣ, ಇಪ್ಪತ್ನಾಲ್ಕು ಬಂತು, ಹೆಂಡ್ತಿ ಮಗು ಇಬ್ರೂ ಕಾರಲ್ಲಿದ್ರು,’ ಅಂತ. ಅಳ್ತಿದ್ರು ಅತ್ತಿಗೆ. ಮಗು ಥರ ಬಿಕ್ಕಿ ಬಿಕ್ಕಿ. ಖುಷಿಗೆ.”

ಒಳಗಿನ ಕುಲುಮೆಯ ಬಾಗಿಲು ಕಬ್ಬಿಣದ ಸದ್ದು ಮಾಡಿತು. ಆಕೆ ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಎಲ್ಲಿಗೆ ಹೋಗಿದ್ವಿ ಅಂದ್ರು?”

“ಅದೇನೋ ಆಸ್ಪತ್ರೆ... ಯಾರನ್ನೋ ನೋಡೋಕೆ ಅಂದ್ರು. ಬಂಕಿನ ಎದುರಿಗೇ ಇದೆ, ಇನ್ನೂ ಒಳಗೆ ಹೋಗಿಲ್ಲ, ನಿಂಗೇ ಮೊದ್ಲು ಹೇಳ್ತಿರೋದು ಅಂದ್ರು.” ಉದ್ದಣ್ಣ ಹೆಮ್ಮೆಯಿಂದ ತಲೆಯಾಡಿಸಿದ. “ಅವತ್ತಿಂದ್ಲೇ ಅವ್ರಿಗೆ ನೆಮ್ಮದಿಯಾಗಿ ನಿದ್ದೆ ಬಂದಿದ್ದು.”

ಆ ರಾತ್ರಿ ಗಂಡ ಗೊರಕೆ ಹೊಡೆದದ್ದು ಆಕೆಗೆ ನೆನಪಾಯಿತು. ಅತ್ತು ದಣಿದಿದ್ದಾನೆ ಎಂದು ಹೊದಿಕೆ ಎಳೆದು ಹೊದಿಸಿದ್ದಳು.

“ಮನೆಯವ್ರು ಬನ್ನಿ,” ಎಂದು ಒಳಗಿನಿಂದ ಕೂಗಿದರು. “ಕಡೇ ಸಲ ಮುಖ ನೋಡ್ಕೊಳ್ಳಿ.”

ಮಗಳು ಬಂದು ಆಕೆಯ ತೋಳು ಹಿಡಿದಳು. ಆಕೆ ಗಂಡನ ತಲೆಯ ಬಳಿ ನಿಂತು ಬಗ್ಗಿ ನೋಡಿದಳು. ಕಣ್ಣುಗಳು ಮುಚ್ಚಿದ್ದವು, ರೆಪ್ಪೆಯ ಅಡಿಯಲ್ಲಿ ಏನಿತ್ತೆಂದು ಹೇಳುವ ಹಾಗಿರಲಿಲ್ಲ. ಸುತ್ತಲಿನ ಹೆಂಗಸರು ಈಗ ಅಳು ಒಡೆಯುತ್ತದೆಂದು ಕಾದರು. ಉದ್ದಣ್ಣ ಹಿಂದೆ ನಿಂತು ಆಗಲೇ ಅಳುತ್ತಿದ್ದ.

“ಸ್ವಲ್ಪ ಬೇಗ ಮಾಡ್ರಪ್ಪ,” ಎಂದಳು ಆಕೆ ಕುಲುಮೆಯವನಿಗೆ.

ಎಲ್ಲ ಮುಗಿದ ಮೇಲೆ ಮಗಳು ಕಾರು ತಂದು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದಳು.

“ಹತ್ತಮ್ಮ.”

“ನಡ್ಕೊಂಡು ಬರ್ತೀನಿ.”

“ಹುಚ್ಚಾ ನಿಂಗೆ? ಮನೆ ಎಲ್ಲಿ, ಇದೆಲ್ಲಿ? ಈ ಬಿಸಿಲಲ್ಲಿ... ಮಾಮ, ಸ್ವಲ್ಪ ಹೇಳು.”

ತಮ್ಮ ಅಕ್ಕನ ಮುಖ ನೋಡಿದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆಕೆ ಗೇಟು ದಾಟಿ ನಡೆದಳು. ಎರಡೂ ಕಡೆ ಉದ್ದಕ್ಕೆ ಕಾಂಪೌಂಡು ಗೋಡೆ, ನಡುವೆ ಕಿರಿದಾದ ರಸ್ತೆ. ಆಕೆ ಬದಿಗೆ ಸರಿಯಲಿಲ್ಲ, ನಟ್ಟನಡುವೆಯೇ ನಡೆದಳು. ಹಿಂದೆ ಮಗಳ ಕಾರು ಬಂತು, ಅದರ ಹಿಂದೆ ತಮ್ಮನ ಮನೆಯವರದು, ಮ್ಯಾನೇಜರನ ಉದ್ದನೆಯ ಕರಿ ಕಾರು, ಅದರ ಹಿಂದೆ ನೆಂಟರದು, ಕಾರ್ಖಾನೆಯವರದು. ಗಂಡ ಸತ್ತ ಹೆಂಗಸನ್ನು ದಾಟಿಕೊಂಡು ಹೋಗುವುದು ಹೇಗೆ? ಹಾರ್ನ್ ಮಾಡುವ ಧೈರ್ಯವೂ ಯಾರಿಗೂ ಇಲ್ಲ. ಎಲ್ಲವೂ ಮೊದಲ ಗೇರಿನಲ್ಲಿ ಗುರುಗುಡುತ್ತ, ಒಂದು ಮಾರು ಹೋಗಿ ನಿಂತು, ಮತ್ತೆ ಒಂದು ಮಾರು ಹೋಗಿ ನಿಂತು ತೆವಳಿದವು. ಹೊಗೆ ಗೋಡೆಗಳ ನಡುವೆ ನೀಲಿಯಾಗಿ ಏರತೊಡಗಿತು.

ನಡುವೆ ಆಕೆ ನಿಂತಳು. ಅಲ್ಲೇ ಬಗ್ಗಿ, ಒಂದು ಚಪ್ಪಲಿ ಕಳಚಿ, ಒಳಗೆ ಸೇರಿದ್ದ ಕಲ್ಲನ್ನು ಕೊಡವಿದಳು. ಇಡೀ ಸಾಲು ಎಂಜಿನ್ ಆರಿಸದೆ ಕಾಯಿತು. ಆಕೆ ಚಪ್ಪಲಿ ಮೆಟ್ಟಿಕೊಂಡು, ಹಿಂದಿರುಗಿ ಆ ಸಾಲನ್ನು ಒಮ್ಮೆ ಕಣ್ತುಂಬ ನೋಡಿ, ಮತ್ತೆ ನಡೆದಳು, ಮೊದಲಿಗಿಂತ ನಿಧಾನವಾಗಿ.