ನಾದಿನಿಗೆ ಓದಿ ಹೇಳದೆ ಬಿಟ್ಟ ಸಾಲು

ನಮ್ಮ ಮನೆಯಲ್ಲಿ ಟಿವಿ ಒಂದೇ. ಜಗಳಕ್ಕೆ ಬೇರೆ ಕಾರಣವೇ ಬೇಡ, ನಿಮ್ಮಲ್ಲೂ ಹೀಗೇ ಇರಬಹುದು. ಆದರೆ ನಮ್ಮಲ್ಲಿ ಎರಡು ವಾರ ಟಿವಿ ಮುಂದಿನಿಂದ ಏಳದೆ ಕೂತವಳು ಹುಟ್ಟಿನಿಂದ ಕಣ್ಣು ಕಾಣದ ನನ್ನ ನಾದಿನಿ.

“ನಿನಗಂತೂ ಕಾಣಲ್ಲ, ನಮಗಾದ್ರೂ ನೋಡೋಕೆ ಬಿಡಮ್ಮಾ,” ಎಂದು ರೇಗಿಸಿದೆ.

“ಹದಿನಾಲ್ಕು ದಿನ ತಡ್ಕೊಳ್ಳಿ ಅತ್ತಿಗೆ. ಆಮೇಲೆ ಟಿವಿ ನಿಮ್ಮ ಹೆಸರಿಗೇ ಬರೆದುಕೊಡ್ತೀನಿ,” ಎಂದಳು.

ನಾನು ಟೈಲರ್. ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಯಂತ್ರ. ನಾದಿನಿಯ ಕೆಲಸ ಕಂಪ್ಯೂಟರ್ ಆಟಗಳನ್ನು ತಯಾರಿಸುವುದು. ಪರದೆಯ ಮೇಲಿನ ಅಕ್ಷರಗಳನ್ನು ಕಂಪ್ಯೂಟರ್ ಅವಳಿಗೆ ಓದಿ ಹೇಳುತ್ತದೆ, ನನ್ನ ಯಂತ್ರ ಓಡಿದಷ್ಟೇ ವೇಗವಾಗಿ. ನನಗೆ ಒಂದು ಪದವೂ ಹತ್ತುವುದಿಲ್ಲ. ಅದನ್ನು ಕೇಳಿಸಿಕೊಂಡೇ ಅವಳು ಮೂರು ವರ್ಷ ಕೂತು ಒಂದು ಆಟ ಬರೆದಿದ್ದಳು. ಮಂಜು ಕವಿದ ನದಿಯಲ್ಲಿ ದೋಣಿ ದಾಟಿಸುವ ಆಟ. ಚಿತ್ರವೇ ಇಲ್ಲ. ಎಡಗಡೆ ದಡದ ಗಂಟೆ, ಬಲಗಡೆ ಬಂಡೆಗೆ ಬಡಿಯುವ ನೀರು. ಕಿವಿಗೊಟ್ಟು ದಾರಿ ಹಿಡಿಯಬೇಕು. ನಾನು ಆಡಿ ಐದು ಸಲ ಮುಳುಗಿದೆ. ಅವಳು ಬಿದ್ದು ಬಿದ್ದು ನಕ್ಕಳು.

ಈಗ ಆ ಆಟವನ್ನು ಗೇಮ್ ಕನ್ಸೋಲಿಗೆ, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆಗೆ, ಹೊಂದಿಸಬೇಕಿತ್ತು. ಆಟ ತಯಾರಿಸುವವರಿಗೆಂದೇ ಇರುವ ವಿಶೇಷ ಪೆಟ್ಟಿಗೆಯನ್ನು ಕನ್ಸೋಲ್ ಕಂಪನಿ ಎರಡು ವಾರಕ್ಕೆ ಕೊಟ್ಟಿತ್ತು. ಅಷ್ಟರಲ್ಲಿ ಆಟ ಅವರ ಪರೀಕ್ಷೆಯಲ್ಲಿ ಪಾಸಾಗಬೇಕು.

“ಕಂಪ್ಯೂಟರ್‌ನಲ್ಲಿ ಜನ ಆಡ್ತಿದ್ದಾರಲ್ಲ, ಸಾಲದಾ? ಈ ತಲೆನೋವು ಯಾಕೆ?” ಎಂದೆ.

“ಕಂಪ್ಯೂಟರ್ ಮುಂದೆ ಒಬ್ಬಳೇ ಮೂಲೇಲಿ ಕೂತು ಆಡಬೇಕು. ಇದಾದ್ರೆ ಎಲ್ಲರೂ ಒಟ್ಟಿಗೆ ಕೂತು ಆಡೋದು. ಚಿಕ್ಕವಳಿದ್ದಾಗ ಅಣ್ಣ ಮತ್ತವನ ಫ್ರೆಂಡ್ಸ್ ಇಂಥದ್ರಲ್ಲೇ ಆಡ್ತಿದ್ರು. ನಾನೂ ಬರ್ತೀನಿ ಅಂತ ಹಟ ಮಾಡಿದ್ರೆ ಕೈಗೊಂದು ಹಳೇ ಕಂಟ್ರೋಲರ್ ಕೊಡ್ತಿದ್ರು. ನಾನು ಗುಂಡಿ ಒತ್ತಿದ್ದೇ ಒತ್ತಿದ್ದು. ‘ನೀನೇ ಗೆದ್ದೆ’ ಅಂತಿದ್ರು. ಅದರ ವೈರು ಎಲ್ಲೂ ಸಿಕ್ಕಿಸಿರಲಿಲ್ಲ ಅಂತ ಗೊತ್ತಾಗೋಕೆ ನನಗೆ ಎರಡು ವರ್ಷ ಬೇಕಾಯ್ತು.”

ಒಳಗಿನಿಂದ ಬರುತ್ತಿದ್ದ ನನ್ನ ಗಂಡ ಬಾಗಿಲಲ್ಲೇ ನಿಂತುಬಿಟ್ಟರು. ನಾನು ಹೊಲಿಗೆ ಬಿಟ್ಟು ಅವಳ ಪಕ್ಕ ಹೋಗಿ ಕೂತೆ.

ಅಂದಿನಿಂದ ಪರದೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ಪೆಟ್ಟಿಗೆ ಒಂದಕ್ಷರವನ್ನೂ ಓದಿ ಹೇಳುತ್ತಿರಲಿಲ್ಲ. ಅವಳು ಗುಂಡಿ ಒತ್ತುವಳು, ನಾನು ಓದುವೆ. ಒಂದು ಪಟ್ಟಿ ಮುಗಿದರೆ ಅದರೊಳಗೆ ಇನ್ನೊಂದು. ಹೊಲಿಗೆ ಹಿಂದೆ ಬಿತ್ತು, ಗಂಟಲು ಕಟ್ಟಿತು, ಸಿಡಿಮಿಡಿಯೂ ಶುರುವಾಯಿತು.

ಒಂದು ಸಂಜೆ ಅವಳ ಗೆಳೆಯ ಮೇಷ್ಟ್ರು ಬಂದರು. ಅವರಿಗೂ ಕಣ್ಣು ಕಾಣುವುದಿಲ್ಲ, ಕಂಪ್ಯೂಟರ್ ಪಾಠ ಹೇಳುತ್ತಾರೆ. ನಾನು ಅವರ ಮುಂದೆ ಗೋಳು ತೋಡಿಕೊಂಡೆ.

“ಅಲ್ಲ ಮೇಷ್ಟ್ರೇ, ಕಣ್ಣಿಲ್ಲದವರು ಆಡ್ತಾರೆ ಅಂತ ಆ ಕಂಪನಿಯವರಿಗೆ ಗೊತ್ತೇ ಇಲ್ವಾ?”

“ಆಡ್ತಾರೆ ಅಂತ ಈಗೀಗ ಗೊತ್ತಾಗ್ತಿದೆ. ಆಡೋರ ಪೆಟ್ಟಿಗೇಲಿ ಓದಿ ಹೇಳೋ ಧ್ವನಿ ಸ್ವಲ್ಪ ಮಟ್ಟಿಗೆ ಇಟ್ಟಿದ್ದಾರೆ. ಆದ್ರೆ ಕಣ್ಣಿಲ್ಲದವರು ಆಟ ಮಾಡ್ತಾರೆ ಅನ್ನೋದು ಇನ್ನೂ ಅವರ ತಲೆಗೇ ಹೋಗಿಲ್ಲ. ಅದಕ್ಕೇ ಮಾಡೋರ ಪೆಟ್ಟಿಗೆ ಬಾಯೇ ಬಿಡಲ್ಲ.”

“ಫೋನ್‌ನಲ್ಲಿ ತೋರಿಸಿ ಯಾರ ಹತ್ರನಾದ್ರೂ ಓದಿಸಬಹುದಲ್ವಾ?”

“ಹಾಗೆ ಮಾಡೋ ಹಾಗಿಲ್ಲಮ್ಮ. ಒಳಗಿರೋದೆಲ್ಲ ಗುಟ್ಟು, ಹೊರಗಿನವರಿಗೆ ತೋರಿಸಲ್ಲ ಅಂತ ಸಹಿ ಹಾಕಿಸ್ಕೊಂಡಿದ್ದಾರೆ. ನಿಮಗೊಬ್ಬರಿಗೆ ಒಪ್ಪಿಗೆ ತಗೊಳ್ಳೋಕೇ ಇವಳು ಆರು ಪತ್ರ ಬರೆದಿದ್ದಾಳೆ. ನನ್ನ ಇಬ್ಬರು ಶಿಷ್ಯರು ಇಲ್ಲಿಗೇ ಕೈಚೆಲ್ಲಿ ಕೂತ್ರು.”

ಆರು ಪತ್ರದ ವಿಷಯ ಅವಳು ನನಗೆ ಹೇಳಿಯೇ ಇರಲಿಲ್ಲ. ನಾಚಿಕೆಯಾಯಿತು. ಆದರೂ ಮನಸ್ಸಿನ ಮೂಲೆಯಲ್ಲಿ ಅನ್ನಿಸುತ್ತಿತ್ತು, ಒಂದು ಆಟಕ್ಕೆ ಇಷ್ಟೆಲ್ಲ ಬೇಕೇ ಎಂದು.

ಹತ್ತನೆಯ ದಿನ ಆಟ ಸಿದ್ಧವಾಯಿತು. ಪರೀಕ್ಷೆಗೆ ಕಳಿಸುವ ಅರ್ಜಿಯೂ ಆ ಪೆಟ್ಟಿಗೆಯಲ್ಲೇ ಇತ್ತು. ನಾನು ಒಂದೊಂದೇ ಸಾಲು ಓದುತ್ತಿದ್ದೆ, ಅವಳು ಉತ್ತರ ತುಂಬುತ್ತಿದ್ದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಪ್ಯಾಂಟಿಗಾಗಿ ಬಂದು ಬಾಗಿಲಲ್ಲಿ ನಿಂತರು. ಅಂಚು ಮಡಿಸುವುದು ಇನ್ನೂ ಬಾಕಿ.

“ಇನ್ನೇನಾದ್ರೂ ಇದೆಯಾ ಅತ್ತಿಗೆ?”

ಕೆಳಗೆ ಬೂದು ಬಣ್ಣದಲ್ಲಿ ಸಣ್ಣಕ್ಷರದ ಸಾಲೊಂದಿತ್ತು. ನೋಡಿದೆ, ಓದಲಿಲ್ಲ.

“ಇನ್ನೇನಿಲ್ಲ, ಕಳಿಸು,” ಎಂದು ಎದ್ದೆ.

ಹದಿಮೂರನೆಯ ದಿನ ಕಂಪ್ಯೂಟರಿಗೆ ಉತ್ತರ ಬಂತು. ಕಂಪ್ಯೂಟರ್ ಅದನ್ನು ತೆರೆದು “ಚಿತ್ರ” ಎಂದಷ್ಟೇ ಹೇಳಿ ಸುಮ್ಮನಾಯಿತು. ನಾದಿನಿ ನನ್ನನ್ನು ಕರೆದಳು. ನೋಡಿದರೆ ಕಪ್ಪು ಪರದೆಯ ಫೋಟೊ, ಅದರ ಸುತ್ತ ಕೆಂಪು ಗೆರೆ. ಕೆಳಗೆ, “ಆಟ ಶುರುವಾಗಲಿಲ್ಲ. ತಿರಸ್ಕರಿಸಲಾಗಿದೆ.”

ಪರದೆ ಕಪ್ಪಗಿರುವುದೇ ಆ ಆಟದ ರೀತಿ. ಪರೀಕ್ಷೆ ಮಾಡಿದವರು ಕಣ್ಣಿನಿಂದ ನೋಡಿದ್ದರೇ ಹೊರತು ಕಿವಿಯಿಂದ ಕೇಳಿರಲಿಲ್ಲ. ಕಣ್ಣು ಕಾಣದವಳಿಗೆ ನಿನ್ನ ಆಟ ಬೇಡವೆಂದು ಹೇಳಲೂ ಅವರು ಫೋಟೊ ಕಳಿಸಿದ್ದರು!

“ಪರೀಕ್ಷಕರಿಗೆ ಸೂಚನೆ ಬರೆಯೋಕೆ ಜಾಗ ಇರುತ್ತಂತೆ,” ಎಂದಳು ನಾದಿನಿ ಮೆಲ್ಲಗೆ. “ಅರ್ಜೀಲಿ ಅದು ಇರಲಿಲ್ವಾ ಅತ್ತಿಗೆ?”

ನಾನು ಓಡಿಹೋಗಿ ಟಿವಿ ಹಾಕಿ ನೋಡಿದೆ. ಬೂದು ಬಣ್ಣದ ಆ ಸಾಲು ಅದೇ. ‘ಪರೀಕ್ಷಕರಿಗೆ ವಿಶೇಷ ಸೂಚನೆ ಇದ್ದರೆ ಇಲ್ಲಿ ಬರೆಯಿರಿ.’ ನಿಂತಲ್ಲೇ ಅತ್ತುಬಿಟ್ಟೆ.

“ಅಳಬೇಡಿ. ನೀವು ಬಿಟ್ಟಿದ್ದು ತಪ್ಪೇ, ಅಲ್ಲ ಅನ್ನಲ್ಲ. ಆದ್ರೆ ಅದು ನಾನೇ ಓದಬೇಕಾಗಿದ್ದ ಸಾಲು,” ಎಂದಳು.

ನನ್ನ ಗಂಡ ಕಂಪನಿಗೆ ಫೋನ್ ಮಾಡಿ ಬೇಡಿಕೊಂಡರು. ಗಡುವು ಗಡುವೇ, ಪೆಟ್ಟಿಗೆ ಮತ್ತೆ ಕೊಡುವುದಿಲ್ಲ ಎಂದರು ಅಲ್ಲಿನವರು. ಮರುದಿನ ಪೆಟ್ಟಿಗೆ ವಾಪಸು ಹೋಯಿತು. ಅವಳೇ ವೈರು ಸುತ್ತಿ, ಮುಚ್ಚಳಕ್ಕೆ ಅಂಟುಪಟ್ಟಿ ಹಚ್ಚಿದಳು. ಟಿವಿ ನಮ್ಮದಾಯಿತು, ಯಾರೂ ಹಾಕಲಿಲ್ಲ. ಒಂದು ಆಟಕ್ಕೆ ಇಷ್ಟೆಲ್ಲ ಬೇಕೇ ಎಂದು ನಮ್ಮ ಮನೆಯಲ್ಲಿ ಈಗ ಯಾರೂ ಕೇಳುವುದಿಲ್ಲ. ಅವಳ ಆಟ ಟಿವಿಗೆ ಬರದೆ ಹೋದ ಮೇಲೆ ನಮಗೆ ಬುದ್ಧಿ ಬಂತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಅಂಥ ಪೆಟ್ಟಿಗೆಯಿದ್ದರೆ ಅದನ್ನು ಮಾಡಿದ ಕಂಪನಿಗೆ ಒಂದು ಪತ್ರ ಹಾಕಿ. ಆಟ ಮಾಡುವವರ ಪೆಟ್ಟಿಗೆಯೂ ಓದಿ ಹೇಳಲಿ, ಅರ್ಜಿ ಅವರೇ ತುಂಬುವಂತಿರಲಿ, ಉತ್ತರ ಅಕ್ಷರದಲ್ಲಿ ಬರಲಿ ಎಂದು ಕೇಳಿ. ನೀವು ಅಂಥ ಕಂಪನಿಯಲ್ಲೇ ಕೆಲಸ ಮಾಡುವವರಾದರೆ, ಕಣ್ಣು ಕಾಣದವರನ್ನು ಕೂರಿಸಿಕೊಂಡು ಆ ಪೆಟ್ಟಿಗೆ ಮಾಡಿ. ಇದನ್ನೇ ಕೇಳಿ ನಮ್ಮ ಮನೆಯಿಂದ ಮೂರು ಪತ್ರ ಹೋಗಿವೆ. ಉತ್ತರ ಬಂದಿಲ್ಲ. ನಾಲ್ಕನೆಯದು ನಿಮ್ಮದಾಗಲಿ.