ರಘುನಂದನರ ಅಕಾಲ ನಿವೃತ್ತಿ

ದೆಹಲಿ ಬಳಿಯ ಮಾನೇಸರ್‌ನಲ್ಲಿ ಕಾರಿನ ಬ್ರೇಕ್ ತಯಾರಿಸುವ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ರಘುನಂದನ್ ಮುಖ್ಯಸ್ಥರು. ಹುಟ್ಟಿ ಬೆಳೆದದ್ದು ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಕನ್ನಡವೊಂದನ್ನು ಅಮ್ಮ ಕಲಿಸಿದ್ದು, ಮಿಕ್ಕದ್ದೆಲ್ಲ ತಾವೇ ಕಲಿತದ್ದು ಎಂದು ಅವರು ನಂಬಿದ್ದರು. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಸಿಕ್ಕ ದಿನ ಅವರಿಗೆ ಊಟ ಇನ್ನಷ್ಟು ರುಚಿಸುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಸಿಕ್ಕಿಬಿದ್ದವಳು ಅಮೂಲ್ಯ. ಧಾರವಾಡದಲ್ಲಿ ಓದಿ ಬಂದು ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಒಂದು ದಾಖಲೆಯ ನಕಲು ಬೇಕಾಗಿ ಹೊಸ ಹೆಸರೊಂದನ್ನು ಬರೆದು, ಮುಂದೆ ಸಮ ಚಿಹ್ನೆ ಹಾಕಿ, ಹಳೆಯ ಹೆಸರನ್ನು ಬರೆದುಬಿಟ್ಟಿದ್ದಳು. ರಘುನಂದನ್ ಇಡೀ ವಿಭಾಗವನ್ನೇ ಕರೆದು ಕೂರಿಸಿಕೊಂಡರು.

"ನೋಡಮ್ಮಾ, ಮನೇಲಿ ನನ್ನ ರಘು ಅಂತಾರೆ, ಇಲ್ಲಿ ರಘುನಂದನ್ ಅಂತಾರೆ. ಹಾಗಂತ ನಾನೇನು ಇಬ್ಬರಾ?"

"ಇಲ್ರೀ ಸರ್."

"ರಘುಗೆ ಜ್ವರ ಬಂದ್ರೆ ರಘುನಂದನ್ ಆಫೀಸಿಗೆ ಬರ್ತಾನಾ? ಕಂಪ್ಯೂಟರ್ ಒಳಗೂ ಹಾಗೇನೇ. ನೀನು ಸಮ ಅಂತ ಹಾಕಿದ್ರೆ ಇನ್ನೊಂದು ಆಬ್ಜೆಕ್ಟ್, ಅಂದ್ರೆ ಇನ್ನೊಂದು ದಾಖಲೆ, ಹುಟ್ಟಲ್ಲ. ಇರೋದಕ್ಕೇ ಇನ್ನೊಂದು ಹೆಸರು ಬೀಳತ್ತೆ, ಬಸ್, ಅಷ್ಟೇ! ಈ ಹೆಸರಲ್ಲಿ ತಿದ್ದಿದ್ದು ಆ ಹೆಸರಲ್ಲೂ ಕಾಣತ್ತೆ. ಬೇರೆಯದೇ ಬೇಕಾದ್ರೆ ಕಾಪಿ ಮಾಡು ಅಂತ ಬಾಯಿಬಿಟ್ಟು ಹೇಳಬೇಕು. ಅಚ್ಛಾ?"

"ತಿಳೀತ್ರೀ ಸರ್," ಎಂದ ಅಮೂಲ್ಯ ತಲೆ ಎತ್ತಲಿಲ್ಲ.

ರಘುನಂದನ್ ತೃಪ್ತಿಯಿಂದ ಕುರ್ಚಿಗೆ ಒರಗಿದ್ದರಷ್ಟೆ, ಜನರಲ್ ಮ್ಯಾನೇಜರ್ ಅಹ್ಲಾವತ್ ಅವರ ಫೋನ್ ಬಂತು. ನಿವೃತ್ತಿಯ ಹೊಸ ವ್ಯವಸ್ಥೆ ಸಿದ್ಧವಾಯಿತೇ, ಊಟಕ್ಕೆ ಮುಂಚೆ ತಿಳಿಸಿ ಎಂದರು. ನೌಕರನ ದಾಖಲೆಯಲ್ಲಿ 'ನಿವೃತ್ತ' ಎಂದು ನಮೂದಿಸಿದರೆ ಸಾಕು, ಮಿಕ್ಕದ್ದು ತಾನಾಗಿಯೇ ನಡೆಯುವ ವ್ಯವಸ್ಥೆ ಅದು. ಗೇಟಿನ ಕಾರ್ಡು ರದ್ದಾಗಬೇಕು, ಸಹೋದ್ಯೋಗಿಗಳಿಗೂ ಮನೆಯವರಿಗೂ ವಿದಾಯದ ಸಂದೇಶ ಹೋಗಬೇಕು.

ಇಂಥ ಪರೀಕ್ಷೆಗೆಂದೇ ಬೇರೆ ಸರ್ವರ್ ಇತ್ತು. ಆದರೆ ಅದು ಬಲು ನಿಧಾನ. ರಘುನಂದನ್ ನಿಜವಾದ ದಾಖಲೆಗಳಿದ್ದ ಅಸಲಿ ಸರ್ವರ್‌ಗೇ ಕೈಹಾಕಿದರು. ಅವಸರದಲ್ಲಿ 'ಮಾದರಿ' ಎಂದು ಬರೆದು, ಸಮ ಚಿಹ್ನೆ ಹಾಕಿ, ತಮ್ಮದೇ ದಾಖಲೆಯ ಹೆಸರು ಬರೆದರು. ಆಮೇಲೆ ಮಾದರಿಯನ್ನು 'ನಿವೃತ್ತ' ಮಾಡಿದರು. ಪರದೆಯ ಮೇಲೆ ವಿದಾಯದ ಒಕ್ಕಣೆ ಚೆಂದವಾಗಿ ಮೂಡಿತು. ಮಾದರಿ ತಾನೇ ಎಂದುಕೊಂಡು ಎದ್ದು ಗೇಟಿನಾಚೆ ಚಹಾ ಕುಡಿಯಲು ಹೋದರು. ಬದಲಾದ ದಾಖಲೆಯನ್ನು ಕಂಪ್ಯೂಟರ್ ತಾನಾಗಿಯೇ ಉಳಿಸಿಕೊಂಡಿತು.

ಮರಳಿ ಬಂದಾಗ ಗೇಟಿನ ಕಾರ್ಡಿಗೆ ಕೆಂಪು ದೀಪ ಹತ್ತಿತು. "ಸಾಬ್, ಆಪ್ ತೋ ರಿಟೈರ್ ಹೋ ಗಯೇ! ಮುಬಾರಕ್ ಹೋ," ಎಂದು ಕಾವಲುಗಾರ ನಿವೃತ್ತಿಗೆ ಅಭಿನಂದಿಸಿ ಕೈಕುಲುಕಿದ. ರಘುನಂದನ್ ನಕ್ಕರು. ಅಷ್ಟರಲ್ಲಿ ಹೆಂಡತಿ ಶಾರದಾ ಫೋನ್ ಮಾಡಿದಳು.

"ಏನ್ರೀ ಇದು, ಈ ವಯಸ್ಸಿಗೇ ರಿಟೈರಾ? ನನಗೊಂದು ಮಾತು ಹೇಳಬಾರದಿತ್ತಾ? ಹೋಗ್ಲಿ ಬಿಡಿ, ನಾಳೆಯಿಂದ ಸಬ್ಜಿ-ತರಕಾರಿ ನೀವೇ ತನ್ನಿ."

ಆಗ ಅವರಿಗೆ ಎಲ್ಲ ಅರ್ಥವಾಯಿತು. ತಾವೇ ಹಾಕಿದ ಸಮ ಚಿಹ್ನೆ ಕಣ್ಣಮುಂದೆ ಬಂತು. ಕಾವಲುಗಾರ ಸಂದರ್ಶಕರ ಬಿಲ್ಲೆಯೊಂದನ್ನು ಅವರ ಕೊರಳಿಗೆ ಹಾಕಿ ಒಳಗೆ ಬಿಟ್ಟ.

ವಿಭಾಗದಲ್ಲಿ ಸಮೋಸಾ ಬಂದಿತ್ತು. ಅಹ್ಲಾವತ್ ಹಾರ ಹಿಡಿದು ನಿಂತಿದ್ದರು. ಯಾಕೆ ಹೋಗುತ್ತಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ರಘುನಂದನರಿಗೆ ಚುಚ್ಚಿದ್ದು ಅದೇ.

"ರಘುನಂದನ್‌ಜೀ, ಇದು ನಿಮ್ಮ ಸ್ವಂತ ನಿರ್ಧಾರ. ನಾನಂತೂ ತಡೆಯೋಲ್ಲ," ಎಂದು ಅಹ್ಲಾವತ್ ಹಿಂದಿಯಲ್ಲಿ ಬಹಳ ಮಮತೆಯಿಂದ ಹೇಳಿದರು. ಹಿಂದಿನ ಸಾಲಿನಿಂದ ಕಾರ್ತಿಕ್ ಎಂಬ ಎಂಜಿನಿಯರ್, "ಸಾರ್ ನಮ್ಮ ಒಂದು ತಪ್ಪನ್ನೂ ಬಿಟ್ಟವರಲ್ಲ," ಎಂದ. ಎಲ್ಲರೂ ಮನಸಾರೆ ಚಪ್ಪಾಳೆ ತಟ್ಟಿದರು.

ನಿಜ ಹೇಳಲು ರಘುನಂದನ್ ಬಾಯಿ ತೆರೆದರು. ಹೇಳಿದರೆ ತಪ್ಪು ಏನೆಂದೂ ಹೇಳಬೇಕಾಗುತ್ತಿತ್ತು, ಅದೂ ಬೆಳಿಗ್ಗೆ ಪಾಠ ಕೇಳಿದ ಇದೇ ಜನರ ಎದುರಿಗೆ. ಕೊರಳು ಬಾಗಿಸಿ ಹಾರ ಹಾಕಿಸಿಕೊಂಡರು. ಕೊಟ್ಟ ಸಮೋಸಾ ತಿಂದರು.

ಜನ ಚದುರಿದ ಮೇಲೆ ಅಮೂಲ್ಯಳ ಮೇಜಿನ ಬಳಿ ನಿಂತು ಮೆಲ್ಲಗೆ, "ಸ್ವಲ್ಪ ನೋಡಮ್ಮಾ, ಏನೋ ಸಿಸ್ಟಮ್ ಪ್ರಾಬ್ಲಮ್," ಎಂದರು. ಅವರ ಲಾಗಿನ್ ಕೂಡ ನಿವೃತ್ತವಾಗಿತ್ತು.

ಅಮೂಲ್ಯ ತನ್ನ ಪರದೆಯಲ್ಲಿ ಹುಡುಕಿ 'ಮಾದರಿ' ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟಳು.

"ಸರ್..."

"ಗೊತ್ತು."

"ಕಾಪಿ ಅಂತ ಹಾಕ್ಲೇನ್ರೀ?"

"ಹಾಕು."

ಸಾಲನ್ನು ಸರಿಪಡಿಸಿ ಅವಳು ಅವರ ದಾಖಲೆಯನ್ನು ಮೊದಲಿನಂತೆ ಮಾಡಿದಳು. 'ತಾಂತ್ರಿಕ ಕಾರಣದಿಂದ ಶ್ರೀ ರಘುನಂದನ್ ಅವರ ನಿವೃತ್ತಿ ರದ್ದಾಗಿದೆ' ಎಂದು ಎಲ್ಲರಿಗೂ ತಿಳಿಸಿದಳು. ಅದಕ್ಕಿಂತ ಒಂದು ಅಕ್ಷರವೂ ಹೆಚ್ಚು ಬರೆಯಲಿಲ್ಲ. ಓದಿದ ಅಹ್ಲಾವತ್ ಮುಖದಲ್ಲಿ ನಗು ಬರಲು ತುಸು ಹೊತ್ತು ಹಿಡಿಯಿತು. ರಘುನಂದನರ ಕೋಣೆಯನ್ನು ಆಗಲೇ ಲೆಕ್ಕಪತ್ರ ವಿಭಾಗಕ್ಕೆ ಕೊಡುವುದಾಗಿ ಹೇಳಿಬಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ, ಅವರು ದಿನವೂ ಕೂರುವ ಕಿಟಕಿಯ ಸೀಟಿನಲ್ಲಿ ಕಾರ್ತಿಕ್ ಕೂತಿದ್ದ. ಬೇರೆ ಸೀಟೂ ಖಾಲಿ ಇರಲಿಲ್ಲ.

"ಅರೇ ಸಾರ್! ರದ್ದಾಗಿದ್ದು ನಾನು ನೋಡೇ ಇರ್ಲಿಲ್ಲ, ನೀವಿನ್ನು ಬರಲ್ಲ ಅಂದ್ಕೊಂಡಿದ್ದೆ," ಎಂದು ಅವನು ಗಾಬರಿಯಿಂದ ಅರ್ಧ ಎದ್ದ.

"ಪರವಾಗಿಲ್ಲ, ಕೂತ್ಕೊಳಪ್ಪಾ," ಎಂದರು ರಘುನಂದನ್.

ಅವರ ಬಾಯಲ್ಲಿ 'ಪರವಾಗಿಲ್ಲ' ಎಂಬ ಮಾತನ್ನು ಆ ಬಸ್ಸಿನಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ರಘುನಂದನ್ ಮೇಲಿನ ಕಂಬಿ ಹಿಡಿದು ಮಾನೇಸರ್‌ವರೆಗೂ ನಿಂತೇ ಹೋದರು.